ಅರ್ಧ ಸೇತುವೆಯ ಇಬ್ಬರು ಯಜಮಾನರಿಗೆ

ರೈಲ್ವೆಯ ಕಡೆಯಿಂದ ಅರ್ಧ ದುಡ್ಡು ಕೊಡಬೇಕಾದ ಸಾಹೇಬರಿಗೆ ಮತ್ತು ರಾಜ್ಯ ಸರ್ಕಾರದ ಕಡೆಯಿಂದ ಉಳಿದರ್ಧ ಕೊಡಬೇಕಾದ ಸಾಹೇಬರಿಗೆ,

ಬೀದರ್ ಜಿಲ್ಲೆ ಭಾಲ್ಕಿ ತಾಲ್ಲೂಕಿನಿಂದ ನಮಸ್ಕಾರ.

ನಮ್ಮೂರ ರೈಲ್ವೆ ಗೇಟು ತೆಗೆದು ಬ್ರಿಡ್ಜು ಕಟ್ಟಿಕೊಡಿ ಅಂತ ಇಬ್ಬರಿಗೂ ಸೇರಿಸಿ ಒಂದೇ ಕಾಗದ ಬರೆಯುತ್ತಿದ್ದೇನೆ, ತಪ್ಪು ತಿಳಿಯಬೇಡಿ. ಬೇರೆ ಬೇರೆ ಬರೆದು ನೋಡಿ ಆಯ್ತು. ಒಂದು ಕಚೇರಿಯಲ್ಲಿ ‘ಇದು ರಸ್ತೆ ವಿಷಯ’ ಅಂದರು. ಇನ್ನೊಂದರಲ್ಲಿ ‘ಇದು ಹಳಿ ವಿಷಯ’ ಅಂದರು. ಗೇಟು ಇರೋದೇ ರಸ್ತೆಯೂ ಹಳಿಯೂ ಸೇರುವ ಜಾಗದಲ್ಲಿ, ಅಲ್ವಾ? ಅದಕ್ಕೇ ಈ ಸಲ ಇಬ್ಬರನ್ನೂ ಕೂಡಿಸಿ, ನಾಲ್ಕು ಜನರ ಎದುರಿಗೆ ಕೇಳೋಣ ಅನ್ನಿಸಿತು.

ನಾನು ದೊಡ್ಡ ಮನುಷ್ಯನಲ್ಲ. ಭಾಲ್ಕಿಯಲ್ಲಿ ಬೀಜ-ಗೊಬ್ಬರದ ಅಂಗಡಿ ಇದೆ. ಊರಲ್ಲಿ ನಾಲ್ಕು ಎಕರೆ ಹೊಲ. ಸೋಯಾ, ತೊಗರಿ, ಬಾವಿ ಹತ್ತಿರ ಸ್ವಲ್ಪ ಕಬ್ಬು. ಮಗಳು ಬೀದರ್‌ನಲ್ಲಿ ಓದುತ್ತಾಳೆ, ಪಾಸು ಮಾಡಿಸಿಕೊಂಡು ರೈಲಿನಲ್ಲಿ ಹೋಗಿ ಬರುತ್ತಾಳೆ. ಅಂಗಡಿಯ ಕೆಲಸಕ್ಕೆ ನಾನೂ ವಾರಕ್ಕೆ ಒಂದೆರಡು ಸಲ ಅದೇ ಗಾಡಿ ಹಿಡಿಯುತ್ತೇನೆ. ಹಾಗಾಗಿ ನಮ್ಮೂರ ಗೇಟನ್ನು ಎರಡೂ ಕಡೆಯಿಂದ ಕಂಡವನು ನಾನು. ಬೆಳಿಗ್ಗೆ ರೈಲಿನಲ್ಲಿ ಕೂತು ಗೇಟಿಗೆ ಬೈಯುತ್ತೇನೆ. ಸಂಜೆ ಬೈಕಿನ ಮೇಲೆ ಕೂತು ರೈಲಿಗೆ ಬೈಯುತ್ತೇನೆ.

ಗೇಟು ಅಂದ ಕೂಡಲೇ ಎಲ್ಲರ ಕಣ್ಣಿಗೆ ಬರೋದು ರಸ್ತೆಯಲ್ಲಿ ನಿಂತ ಗಾಡಿಗಳ ಸಾಲು. ಪೇಪರಿನಲ್ಲೂ ಅದೇ ಫೋಟೋ. ರೈಲೂ ನಮ್ಮ ಹಾಗೇ ಅಲ್ಲಿ ಕಾಯುತ್ತದೆ ಅನ್ನೋದು ಜಾಸ್ತಿ ಜನಕ್ಕೆ ಗೊತ್ತಿಲ್ಲ. ನನಗೂ ಗೊತ್ತಿರಲಿಲ್ಲ. ಒಂದು ಸಂಜೆ ಗೊತ್ತಾಯ್ತು.

ಕಬ್ಬಿನ ಕಟಾವು ಜೋರಾಗಿತ್ತು. ಅಂಗಡಿ ಮುಚ್ಚಿಕೊಂಡು ಬರುತ್ತಿದ್ದೆ. ನನ್ನ ಮುಂದೆ ಎರಡು ಟ್ರಾಲಿ ಕಟ್ಟಿಕೊಂಡ ಒಂದು ಟ್ರ್ಯಾಕ್ಟರ್. ಗೇಟಿನ ಹತ್ತಿರ ರಸ್ತೆ ಸ್ವಲ್ಪ ಏರು, ಹಳಿಯ ಮೇಲೆ ಒಂದು ಕುಲುಕು. ಟ್ರ್ಯಾಕ್ಟರ್ ಆ ಕಡೆ ಇಳಿಯಿತು, ಮೊದಲ ಟ್ರಾಲಿ ಇಳಿಯಿತು, ಹಿಂದಿನ ಟ್ರಾಲಿಯ ಪಿನ್ನು ಕಳಚಿತು. ಟನ್‌ಗಟ್ಟಲೆ ಕಬ್ಬು ಹೊತ್ತ ಟ್ರಾಲಿ ಹಳಿ ಮೇಲೆ ಮೂಗು ಊರಿ ಕೂತುಬಿಟ್ಟಿತು. ಅದೇ ಹೊತ್ತಿಗೆ ಗೇಟ್‌ಮನೆಯ ಫೋನು ಬಾರಿಸಿತು.

ಗೇಟ್‌ಮ್ಯಾನ್‌ಗೆ ನಾವೆಲ್ಲ ಕಾಕಾ ಅಂತೀವಿ. ಕಾಕಾ ಫೋನು ಎತ್ತಿದವರೇ ಹೇಳಿದ್ದು ಒಂದೇ ಮಾತು: ‘ಗೇಟ್ ಹಾಕ್ಲಾಕ ಬರಲ್ರೀ, ಟ್ರಾಲಿ ಸಿಕ್ಕೊಂಡದ.’ ಆಮೇಲೆ ಕೆಂಪು ಬಾವುಟ ಕಂಕುಳಲ್ಲಿ ಇಟ್ಟುಕೊಂಡು ಹೊರಗೆ ಬಂದರು. ಮುಖದಲ್ಲಿ ಗಾಬರಿ ಇರಲಿಲ್ಲ. ಗಾಬರಿ ಆಗಿದ್ದು ನಮಗೆ.

‘ಕಾಕಾ, ಗಾಡಿ ಬಂದ್ರ ಹ್ಯಾಂಗ್ರೀ?’

‘ಬರಲ್ಲ ಬಿಡೋ ತಮ್ಮಾ. ಕಂಬ ಕೆಳಗ ಇಳೀದೆ ಸಿಗ್ನಲ್ ಹ್ಯಾಂಗ ಬೀಳ್ತದ? ಮೊದ್ಲ ಟ್ರಾಲಿ ಎತ್ರಿ.’

ಆಗ ತಿಳಿಯಿತು. ಗೇಟಿಗೂ ಸಿಗ್ನಲ್‌ಗೂ ಒಳಗೊಳಗೇ ಗಂಟು ಹಾಕಿದ್ದಾರೆ. ಇಂಟರ್‌ಲಾಕಿಂಗ್ ಅನ್ನುತ್ತಾರೆ. ಎರಡೂ ಕಡೆಯ ಅಡ್ಡಗಂಬ ಪೂರ್ತಿ ಕೆಳಗೆ ಬಂದು ಬೀಗ ಬೀಳದಿದ್ದರೆ ರೈಲಿಗೆ ಹಸಿರು ಬರುವುದೇ ಇಲ್ಲ. ರೈಲು ದಾಟಿ ಹೋಗುವವರೆಗೂ ಆ ಬೀಗ ಬಿಡುವುದಿಲ್ಲ. ಜೀವ ಉಳಿಸುವ ಏರ್ಪಾಡು ಅದು, ಅದರ ಬಗ್ಗೆ ನನ್ನದೇನೂ ತಕರಾರಿಲ್ಲ. ಆದರೆ ಅದರ ಇನ್ನೊಂದು ಮುಖ ನೋಡಿ. ನಮ್ಮೂರಿನ ಒಂದು ಟ್ರಾಲಿಯ ಬೆರಳು ಗಾತ್ರದ ಪಿನ್ನು ಇಡೀ ರೈಲನ್ನು ನಿಲ್ಲಿಸಬಲ್ಲದು.

ನಿಲ್ಲಿಸಿತು ಕೂಡ. ದೂರದಲ್ಲಿ ಗಾಡಿಯ ದೀಪ ಕಂಡಿತು, ಅಲ್ಲೇ ನಿಂತಿತು, ಉದ್ದಕ್ಕೆ ಸೀಟಿ ಹೊಡೆಯಿತು. ನಾವು ಹತ್ತು ಹನ್ನೆರಡು ಜನ ಕಬ್ಬಿನ ಕಟ್ಟು ಎಳೆದು ಎಳೆದು ರಸ್ತೆ ಪಕ್ಕಕ್ಕೆ ಹಾಕುತ್ತಿದ್ದೆವು. ಕಬ್ಬಿನ ಗರಿ ಕೈಯೆಲ್ಲ ಗೀರಿತ್ತು. ಅಷ್ಟರಲ್ಲಿ ಜೇಬಿನಲ್ಲಿ ಫೋನು. ಮಗಳು.

‘ಅಪ್ಪಾ, ಗಾಡಿ ಹೊಲದಾಗ ನಿಂತದ. ಲೇಟ್ ಆಗ್ತದ, ಅವ್ವಗ ಹೇಳು.’

‘ಗೊತ್ತದವ್ವಾ. ನಾನೂ ಇಲ್ಲೇ ಗೇಟಿನ್ಯಾಗ ಇದ್ದೀನಿ. ನಿನ್ ಗಾಡಿ ನಿಲ್ಸಿದ ಕಬ್ಬೇ ಎತ್ತಲಾಕತ್ತೀನಿ.’

ಅವಳು ನಕ್ಕಳು. ನನಗೆ ನಗು ಬರಲಿಲ್ಲ.

ಇಪ್ಪತ್ತು ನಿಮಿಷ ಹಿಡಿಯಿತು ಅಂದುಕೊಳ್ಳಿ. ಆ ಇಪ್ಪತ್ತು ನಿಮಿಷ ಒಂದು ಗಾಡಿಗೆ ಮುಗಿಯಲಿಲ್ಲ. ವಿಕಾರಾಬಾದ್‌ನಿಂದ ಬೀದರ್, ಭಾಲ್ಕಿ, ಉದಗೀರ್ ಮೇಲೆ ಪರಳಿಗೆ ಹೋಗುವ ನಮ್ಮ ಮಾರ್ಗ ನಿಜಾಮರ ಕಾಲದ್ದು, ಒಂಟಿ ಹಳಿ. ಎದುರಿನಿಂದ ಬರುವ ಗಾಡಿ ಮುಂದಿನ ಸ್ಟೇಷನ್ನಿನಲ್ಲೇ ಕಾಯಬೇಕು. ‘ಕ್ರಾಸಿಂಗ್ ಬಿದ್ದದ’ ಅಂತೀವಿ ನಾವು. ಒಂದು ಕ್ರಾಸಿಂಗ್ ರಸ್ತೆಯದು, ಇನ್ನೊಂದು ಕ್ರಾಸಿಂಗ್ ಸ್ಟೇಷನ್ನಿನದು. ಮೊದಲನೆಯದರಲ್ಲಿ ಕಳೆದ ಹೊತ್ತು ಎರಡನೆಯದರಲ್ಲಿ ಇನ್ನೊಂದು ಗಾಡಿಯ ತಲೆಗೆ ಕಟ್ಟುತ್ತದೆ. ಆ ಗಾಡಿ ಹಿಂದಿನ ಗಾಡಿಯನ್ನು ಕಾಯಿಸುತ್ತದೆ. ಜೋಡಿ ಹಳಿ ಇದ್ದ ಕಡೆ ಎದುರಿನ ಗಾಡಿ ತನ್ನ ಪಾಡಿಗೆ ತಾನು ಹೋಗುತ್ತದೆ, ನಮ್ಮಲ್ಲಿ ಹಾಗಿಲ್ಲ.

ಟ್ರಾಲಿ ಸಿಕ್ಕಿಕೊಳ್ಳೋದು ದಿನಾ ನಡೆಯಲ್ಲ, ಸರಿ. ದಿನಾ ನಡೆಯೋದು ಸಣ್ಣದು, ಅದಕ್ಕೇ ಯಾರ ಲೆಕ್ಕಕ್ಕೂ ಬರಲ್ಲ. ಕಾಕಾ ಹ್ಯಾಂಡಲ್ ತಿರುಗಿಸಲು ಶುರು ಮಾಡುತ್ತಾರೆ, ಕಂಬ ಇಳಿಯುತ್ತಿರುತ್ತದೆ, ಒಂದು ಬೈಕು ನುಗ್ಗುತ್ತದೆ. ಅದರ ಹಿಂದೆ ಇನ್ನೊಂದು. ‘ಏ ಕಾಕಾ, ಜರಾ ತಡೀರಿ’ ಅಂತ ಒಂದು ಟಂಟಂ. ಹೀಗೆ ಎರಡು ನಿಮಿಷ ಹೋಯ್ತು. ಅಷ್ಟು ಹೊತ್ತೂ ಸಿಗ್ನಲ್ ಕೆಂಪು. ಡ್ರೈವರ್ ದೂರದಿಂದಲೇ ಬ್ರೇಕು ಹಿಡಿಯುತ್ತಾನೆ. ನೂರು ಕಿಲೋಮೀಟರ್ ವೇಗದಲ್ಲಿ ಬರುವ ರೈಲು ನಿಲ್ಲಲು ಹತ್ತಿರ ಹತ್ತಿರ ಒಂದು ಕಿಲೋಮೀಟರ್ ಬೇಕು, ಕಾರಿನ ಹಾಗೆ ಗಕ್ಕನೆ ನಿಲ್ಲಲ್ಲ. ಸಿಗ್ನಲ್ ಕಂಬದ ಮೇಲೆ ‘ಜಿ’ ಅನ್ನುವ ಗುರುತು ಇದ್ದರೆ ಅದು ಗೇಟಿನ ಸಿಗ್ನಲ್. ಅದು ಕೆಂಪು ಇದ್ದರೆ ಡ್ರೈವರ್ ಸೀಟಿ ಹೊಡೆದು ಹಗಲಲ್ಲಿ 1 ನಿಮಿಷ, ರಾತ್ರಿಯಲ್ಲಿ 2 ನಿಮಿಷ ಕಾಯಬೇಕು. ಆಮೇಲೂ ಹಸಿರಾಗದಿದ್ದರೆ ಮೆಲ್ಲಗೆ ಗೇಟಿನವರೆಗೆ ಬಂದು, ಗೇಟ್‌ಮ್ಯಾನ್ ಬಾವುಟ ತೋರಿಸಿದ ಮೇಲೆ ದಾಟಬೇಕು. ಅದೇ ನಿಯಮ.

ನಿಂತ ಗಾಡಿ ಮತ್ತೆ ವೇಗ ಹಿಡಿಯೋದು ಇನ್ನೊಂದು ಕತೆ. ತುಂಬಿದ ಗೂಡ್ಸ್ ನಾಲ್ಕೈದು ಸಾವಿರ ಟನ್ ತೂಗುತ್ತದೆ. ಅದನ್ನು ನಿಲ್ಲಿಸಿ ಮತ್ತೆ ಓಡಿಸುವುದು ಅಂದರೆ ಏರಿನಲ್ಲಿ ಎತ್ತು ನಿಲ್ಲಿಸಿ ಮತ್ತೆ ಬಂಡಿ ಎಳೆಸಿದ ಹಾಗೆ. ಗೇಟಿನಲ್ಲಿ ನಿಂತಿದ್ದು ಎರಡೇ ನಿಮಿಷ ಇರಬಹುದು, ಕಳೆದುಕೊಂಡಿದ್ದು ಆರೇಳು ನಿಮಿಷ. ಭಾಲ್ಕಿಯಿಂದ ಬೀದರ್‌ವರೆಗೆ ಇಂಥವು ಎರಡು ಮೂರು ಸೇರಿದರೆ ನನ್ನ ಮಗಳ ಮೊದಲ ಪೀರಿಯಡ್ ಹೋಯ್ತು.

ಹಾಗಾದರೆ ಗೇಟು ಬೇಗ ಹಾಕಿಬಿಡಲಿ ಅನ್ನಬಹುದು. ಹಾಕುತ್ತಾರೆ. ಆಗ ರಸ್ತೆಯವರು ಕಾಲು ಗಂಟೆ ನಿಲ್ಲಬೇಕು. ಕಾಲು ಗಂಟೆ ಕಾದವನಿಗೆ ತಾಳ್ಮೆ ಇರಲ್ಲ, ಮರುದಿನ ಗಂಟೆ ಬಾರಿಸುವುದು ಕೇಳಿದರೆ ಸಾಕು, ನಿಲ್ಲುವ ಬದಲು ಗಾಡಿ ಜೋರು ಮಾಡುತ್ತಾನೆ. ಅವನು ನುಗ್ಗಿದರೆ ಕಂಬ ಇಳಿಸೋಕೆ ಆಗಲ್ಲ, ಮತ್ತೆ ರೈಲು ನಿಲ್ಲುತ್ತದೆ.

ಇಲ್ಲಿ ನನ್ನ ತಪ್ಪೂ ಒಂದಿದೆ, ಮುಚ್ಚಿಡಲ್ಲ. ಒಂದು ಸಲ ಮುಚ್ಚಿದ ಗೇಟಿನ ಕೆಳಗೆ ಬೈಕು ಓರೆ ಮಾಡಿ ನುಸುಳಿದ್ದೇನೆ. ಅರ್ಧ ದಾರಿಯಲ್ಲಿ ಗೊಬ್ಬರದ ಚೀಲ ಕಂಬಕ್ಕೆ ಸಿಕ್ಕಿಹಾಕಿಕೊಂಡಿತು. ಕಾಕಾ ಓಡಿ ಬಂದು ಚೀಲ ಬಿಡಿಸಿ, ಬೈದರು: ‘ಮನ್ಯಾಗ ಹೆಣ್ಮಗಳು ಅದಾಳಂತ ನೆನಪದನೋ ಇಲ್ಲೋ?’ ಆಮೇಲೆ ಗೊತ್ತಾಯ್ತು, 1989ರ ರೈಲ್ವೆ ಕಾಯ್ದೆಯ 160ನೇ ಕಲಮಿನಲ್ಲಿ ಮುಚ್ಚಿದ ಗೇಟು ತೆಗೆದರೆ 3 ವರ್ಷದವರೆಗೆ, ಮುರಿದರೆ 5 ವರ್ಷದವರೆಗೆ ಜೈಲು ಇದೆ. ಮುರಿಯುವವರು ಇದ್ದಾರೆ. ಅವಸರದಲ್ಲಿ ಯಾವುದೋ ಟೆಂಪೊ ಕಂಬಕ್ಕೆ ಗುದ್ದಿ ಹೋದರೆ, ಅದು ರಿಪೇರಿ ಆಗುವವರೆಗೂ ಬರುವ ಒಂದೊಂದು ರೈಲೂ ಅಲ್ಲಿ ಹೆದರಿ ಹೆದರಿ ದಾಟಬೇಕು. ಗುದ್ದಿದವನು ಅಷ್ಟು ಹೊತ್ತಿಗೆ ಮನೆಯಲ್ಲಿ ಊಟ ಮಾಡಿ ಮಲಗಿರುತ್ತಾನೆ.

ಗೇಟ್‌ಮ್ಯಾನ್ ಮೇಲೆ ಹರಿಹಾಯುವವರು ಒಂದು ದಿನ ಅವರ ಆ ಸಣ್ಣ ಖೋಲಿಯಲ್ಲಿ ಕೂತು ನೋಡಬೇಕು. ಫೋನು, ರಿಜಿಸ್ಟರ್, ಎರಡು ಬಣ್ಣದ ಬಾವುಟ, ಕೈದೀಪ, ನೀರಿನ ಕೊಡ. ಒಂದು ಡಬ್ಬಿಯಲ್ಲಿ ‘ಪಟಾಕಿ’. ಹಳಿ ಮೇಲೆ ಇಟ್ಟರೆ ಚಕ್ರ ಹತ್ತಿದಾಗ ಢಮ್ಮನ್ನುತ್ತದೆ, ಡ್ರೈವರ್‌ಗೆ ಅಪಾಯದ ಸೂಚನೆ. ಗೇಟಿನಲ್ಲಿ ಏನಾದರೂ ಸಿಕ್ಕಿಕೊಂಡು ರೈಲು ತಡೆಯಲೇಬೇಕಾದರೆ ಅದನ್ನು ಹಿಡಿದು ಹಳಿಗುಂಟ ಓಡಬೇಕು. 600 ಮೀಟರ್ ದೂರದಲ್ಲಿ ಒಂದು, 1,200 ಮೀಟರ್ ದೂರದಲ್ಲಿ ಮೂರು ಇಡಬೇಕು. ನಮ್ಮ ಕಾಕಾಗೆ ಮಂಡಿನೋವು. ಅವರು ಎಷ್ಟು ಹೊತ್ತಿಗೆ 1,200 ಮೀಟರ್ ಓಡಿಯಾರು ಅಂತ ನಾನು ಯಾವತ್ತೂ ಕೇಳಿಲ್ಲ, ಕೇಳುವ ಧೈರ್ಯ ಇಲ್ಲ.

ಇಂಟರ್‌ಲಾಕಿಂಗ್ ಇಲ್ಲದ ಗೇಟುಗಳ ಪಾಡು ಇನ್ನೂ ಕಷ್ಟ. ಅಲ್ಲಿ ಎಲ್ಲ ನಂಬಿಕೆ ಮೇಲೆ. ಸ್ಟೇಷನ್ ಮಾಸ್ಟರ್ ಫೋನು ಮಾಡುತ್ತಾರೆ, ಗೇಟ್‌ಮ್ಯಾನ್ ಗೇಟು ಹಾಕಿ ಒಂದು ಪ್ರೈವೇಟ್ ನಂಬರ್ ಹೇಳುತ್ತಾನೆ, ಇಬ್ಬರೂ ಬರೆದುಕೊಳ್ಳುತ್ತಾರೆ. ಆ ನಂಬರೇ ಸಾಕ್ಷಿ. 2025ರ ಜುಲೈ 8ರಂದು ತಮಿಳುನಾಡಿನ ಕಡಲೂರಿನ ಹತ್ತಿರ ಇಂಥದ್ದೇ ಗೇಟಿನಲ್ಲಿ ಶಾಲಾ ವ್ಯಾನಿಗೆ ರೈಲು ಬಡಿದು ಮಕ್ಕಳು ಸತ್ತರು. ಆಮೇಲೆ ರೈಲ್ವೆ ಎಚ್ಚೆತ್ತು, ಗೇಟಿನ ಓಡಾಟದ ಲೆಕ್ಕದಲ್ಲಿ ಇಂಟರ್‌ಲಾಕಿಂಗ್ ಹಾಕಲು ಇದ್ದ 20,000ದ ಮಿತಿಯನ್ನು 10,000ಕ್ಕೆ ಇಳಿಸಿತು. ಒಳ್ಳೆಯದೇ ಆಯ್ತು. ಆದರೆ ಇಂಟರ್‌ಲಾಕಿಂಗ್ ಬಂದರೆ ಜೀವ ಉಳಿಯುತ್ತದೆ, ಹೊತ್ತು ಉಳಿಯಲ್ಲ. ಹೊತ್ತು ಉಳಿಯಬೇಕಾದರೆ ಗೇಟೇ ಹೋಗಬೇಕು, ಮೇಲೆ ಬ್ರಿಡ್ಜೋ ಕೆಳಗೆ ದಾರಿಯೋ ಬರಬೇಕು.

ಈಗ ನನ್ನ ಮುಖ್ಯ ತಕರಾರಿಗೆ ಬರುತ್ತೇನೆ. ಆ 20,000, 10,000 ಅನ್ನುವ ಲೆಕ್ಕ ಯಾವುದು? ಅದರ ಹೆಸರು ಟ್ರೇನ್ ವೆಹಿಕಲ್ ಯೂನಿಟ್, ಸಣ್ಣದಾಗಿ ಟಿವಿಯು. ಒಂದು ದಿನಕ್ಕೆ ಎಷ್ಟು ರೈಲು ಓಡುತ್ತವೆ, ಎಷ್ಟು ಗಾಡಿ ಗೇಟು ದಾಟುತ್ತವೆ, ಎರಡನ್ನೂ ಗುಣಿಸಬೇಕು. ಅಷ್ಟೇ. ಎತ್ತಿನ ಬಂಡಿ ಒಂದು, ಆಟೊ ಅರ್ಧ. ನಲವತ್ತು ಮಕ್ಕಳ ಬಸ್ಸೂ ಒಂದೇ, ಒಬ್ಬನೇ ಕೂತ ಕಾರೂ ಒಂದೇ. ತಲೆ ಮೇಲೆ ಹುಲ್ಲಿನ ಹೊರೆ ಹೊತ್ತು ನಡೆದು ಹೋಗುವ ಹೆಣ್ಣುಮಕ್ಕಳು ಲೆಕ್ಕದಲ್ಲೇ ಇಲ್ಲ. ಹೀಗೆ ಗುಣಿಸಿದ್ದು 1 ಲಕ್ಷ ದಾಟಿದರೆ ಬ್ರಿಡ್ಜಿಗೆ ರೈಲ್ವೆ ಅರ್ಧ, ರಾಜ್ಯ ಅರ್ಧ ಹಾಕಬೇಕು. ದಾಟದಿದ್ದರೆ ಸಾಮಾನ್ಯವಾಗಿ ಬ್ರಿಡ್ಜು ಕೇಳಿದವರೇ ದುಡ್ಡು ಹೊಂದಿಸಬೇಕು.

ಅಂಗಡಿ ಲೆಕ್ಕ ಮಾಡುವವನು ನಾನು, ಈ ಗುಣಾಕಾರ ನೋಡಿದ ಕೂಡಲೇ ಎಲ್ಲಿ ಪೆಟ್ಟು ಬೀಳುತ್ತದೆ ಅಂತ ಕಂಡಿತು. ದಿನಕ್ಕೆ 100 ರೈಲು ಓಡುವ ಮಾರ್ಗ ಇದೆ ಅನ್ನಿ. ಅಲ್ಲಿ 1,000 ಗಾಡಿ ದಾಟಿದರೆ ಲಕ್ಷ ಆಯ್ತು. 20 ರೈಲು ಓಡುವ ಮಾರ್ಗದಲ್ಲಿ ಅದೇ ಲಕ್ಷಕ್ಕೆ 5,000 ಗಾಡಿ ಬೇಕು. ನಮ್ಮ ಹಳ್ಳಿ ರಸ್ತೆಯಲ್ಲಿ ಅಷ್ಟು ಗಾಡಿ ಎಲ್ಲಿಂದ ತರೋಣ? ಹಾಗಾದರೆ ರೈಲು ಜಾಸ್ತಿ ಬಿಡಿ ಅಂತೀವಿ. ಒಂಟಿ ಹಳಿ, ಕ್ರಾಸಿಂಗು, ಗೇಟು, ಗಾಡಿ ನಿಧಾನ, ಜಾಸ್ತಿ ಬಿಡೋಕೆ ಆಗಲ್ಲ ಅಂತೀರಿ. ಗೇಟು ತೆಗೆಯಿರಿ ಅಂತೀವಿ. ರೈಲು ಕಡಿಮೆ, ಲಕ್ಷ ದಾಟಲ್ಲ ಅಂತೀರಿ. ಹುಚ್ಚು ಬಿಡೋವರೆಗೂ ಮದುವೆ ಆಗಲ್ಲ, ಮದುವೆ ಆಗೋವರೆಗೂ ಹುಚ್ಚು ಬಿಡಲ್ಲ.

ಇನ್ನೊಂದು ಮಾತು. ಎಣಿಸುವವರು ಕೆಲವು ದಿನ ಕೂತು ಎಣಿಸಿ ಹೋಗುತ್ತಾರೆ. ಯಾವ ತಿಂಗಳು ಬರುತ್ತಾರೆ ಅನ್ನೋದರ ಮೇಲೆ ನಮ್ಮ ಹಣೆಬರಹ. ಜುಲೈನಲ್ಲಿ ಬಂದರೆ ಜನ ಹೊಲದಲ್ಲಿರುತ್ತಾರೆ, ರಸ್ತೆ ಖಾಲಿ. ಏಪ್ರಿಲ್ ಬಿಸಿಲಲ್ಲಿ ಮಧ್ಯಾಹ್ನ ನಾಯಿ ಕೂಡ ಗೇಟು ದಾಟಲ್ಲ. ಡಿಸೆಂಬರ್‌ನಲ್ಲಿ ಬಂದರೆ ಕಬ್ಬಿನ ಟ್ರ್ಯಾಕ್ಟರ್ ಸಾಲು ಮುಗಿಯುವುದೇ ಇಲ್ಲ. ಅದರ ಹಿಂದೆಯೇ ತೊಗರಿ ರಾಶಿ. ಒಂದು ಸಲ ಗೇಟು ಬಿದ್ದಾಗ ನನ್ನ ಮುಂದೆ ಹನ್ನೊಂದು ಟ್ರ್ಯಾಕ್ಟರ್ ನಿಂತಿದ್ದವು, ಹಿಂದೆ ಎಷ್ಟು ಅಂತ ತಿರುಗಿ ನೋಡಲಿಲ್ಲ. ಕಡಿದ ಕಬ್ಬು ಹೊತ್ತು ಹೋದಂತೆ ಒಣಗುತ್ತದೆ, ತೂಕ ಇಳಿಯುತ್ತದೆ. ಗೇಟಿನಲ್ಲಿ ಇಳಿದ ತೂಕಕ್ಕೆ ಕಾರ್ಖಾನೆಯವರು ದುಡ್ಡು ಕೊಡಲ್ಲ.

ರೈಲ್ವೆ ಸಾಹೇಬರೇ, ಮನಸ್ಸು ಮಾಡಿದರೆ ನಿಮ್ಮಿಂದ ಆಗುತ್ತದೆ ಅಂತ ನಮಗೆ ಗೊತ್ತು. 2014ರ ಜುಲೈ 24ರಂದು ನಮ್ಮ ಪಕ್ಕದ ಮೆದಕ್ ಜಿಲ್ಲೆಯ ಮಾಸಾಯಿಪೇಟೆಯಲ್ಲಿ ಕಾವಲಿಲ್ಲದ ಗೇಟಿನಲ್ಲಿ ಶಾಲಾ ಬಸ್ಸಿಗೆ ರೈಲು ಬಡಿಯಿತು. ಆ ದಿನ ನಮ್ಮೂರ ತಾಯಂದಿರೂ ಅತ್ತಿದ್ದರು. ಕಾವಲಿಲ್ಲದ ಗೇಟು ದೇಶದ ತುಂಬ ಇದ್ದವು. 2019ರ ಜನವರಿ ಮುಗಿಯುವುದರೊಳಗೆ ಬ್ರಾಡ್‌ಗೇಜ್, ಅಂದರೆ ಅಗಲ ಹಳಿಯ ಮಾರ್ಗಗಳಲ್ಲಿ ಒಂದೂ ಉಳಿಯದ ಹಾಗೆ ತೆಗೆದಿರಿ. ಕೆಲವು ಮುಚ್ಚಿದಿರಿ, ಕೆಲವಕ್ಕೆ ಮನುಷ್ಯರನ್ನು ಇಟ್ಟಿರಿ, ಕೆಲವಕ್ಕೆ ಕೆಳಗೆ ದಾರಿ ಮಾಡಿದಿರಿ. ಆಗ ಯಾರೂ ಲಕ್ಷದ ಲೆಕ್ಕ ಕೇಳಲಿಲ್ಲ. ರೈಲ್ವೆ ಸುರಕ್ಷತೆ ನೋಡಲು ನೀವೇ ನೇಮಿಸಿದ ಅನಿಲ್ ಕಾಕೋಡ್ಕರ್ ಸಮಿತಿ 2012ರಲ್ಲೇ ಹೇಳಿತ್ತು: ಕಾವಲಿದ್ದದ್ದು, ಇಲ್ಲದ್ದು ಎಲ್ಲ ಗೇಟೂ 5 ವರ್ಷದಲ್ಲಿ ತೆಗೆಯಿರಿ, 50,000 ಕೋಟಿ ಬೇಕಾಗುತ್ತದೆ, ಉಳಿತಾಯದಿಂದಲೇ ಏಳೆಂಟು ವರ್ಷದಲ್ಲಿ ಆ ದುಡ್ಡು ವಾಪಸ್ ಬರುತ್ತದೆ ಅಂತ. ಗೇಟಿನಿಂದ ದುಡ್ಡು ಸೋರುತ್ತಿದೆ ಅಂತ ನಿಮ್ಮ ಸಮಿತಿಯೇ ಹೇಳಿದ ಹಾಗಾಯ್ತಲ್ಲ.

ರಾಜ್ಯದ ಸಾಹೇಬರೇ, ನಿಮ್ಮನ್ನೂ ಬಿಡಲ್ಲ. ಬೀದರ್–ಕಲಬುರಗಿ ಮಾರ್ಗ ನೆನಪಿದೆಯಾ? ಸುಮಾರು 110 ಕಿಲೋಮೀಟರ್. ಶುರುವಿನಲ್ಲಿ 370 ಕೋಟಿ ಅಂದರು. 2017ರ ಅಕ್ಟೋಬರ್ 29ರಂದು ಪ್ರಧಾನಿ ಬೀದರ್‌ಗೆ ಬಂದು ಉದ್ಘಾಟಿಸುವ ಹೊತ್ತಿಗೆ ಅದು 1,542 ಕೋಟಿ ಆಗಿತ್ತು. ಇಪ್ಪತ್ತು ವರ್ಷ ತಡ ಮಾಡಿದ್ದಕ್ಕೆ ಕಟ್ಟಿದ ಬಡ್ಡಿ ಅದು. ಆ ಮಾರ್ಗಕ್ಕೆ ರಾಜ್ಯವೂ ಪಾಲು ಹಾಕಿತ್ತು. ಬ್ರಿಡ್ಜಿನ ಫೈಲೂ ಹಾಗೇ. ಈ ವರ್ಷದ ನಿಮ್ಮ ಅರ್ಧ, ಹತ್ತು ವರ್ಷ ಬಿಟ್ಟು ಕೊಟ್ಟರೆ ಅರ್ಧ ಆಗಿರಲ್ಲ, ಇವತ್ತಿನ ಪೂರ್ತಿಗಿಂತ ಜಾಸ್ತಿ ಆಗಿರುತ್ತದೆ. ಹಳೇ ಪದ್ಧತಿಯಲ್ಲಿ ಹಳಿ ಮೇಲಿನ ತುಂಡು ರೈಲ್ವೆಯವರು ಕಟ್ಟುವುದು, ಎರಡೂ ಕಡೆಯ ಇಳಿಜಾರು ನೀವು ಕಟ್ಟುವುದು. ಎಷ್ಟೋ ಕಡೆ ಮಧ್ಯದ ತುಂಡು ಮಾತ್ರ ಗಾಳಿಯಲ್ಲಿ ನಿಂತಿರೋದು ನೋಡಿದ್ದೇವೆ, ಹತ್ತೋಕೂ ಇಲ್ಲ, ಇಳಿಯೋಕೂ ಇಲ್ಲ. ಈಗ ಒಬ್ಬರೇ ಪೂರ್ತಿ ಕಟ್ಟುವ ಪದ್ಧತಿಯೂ ಇದೆ. ನಮ್ಮ ಕಡೆಗೆ ಅದನ್ನೇ ಮಾಡಿ. ಯಾರು ಕಟ್ಟಿದರೂ ನಮಗೆ ಬೇಜಾರಿಲ್ಲ, ಬೋರ್ಡಿನಲ್ಲಿ ಇಬ್ಬರ ಹೆಸರೂ ಹಾಕಿಸುತ್ತೇವೆ.

ಕಾಗದ ಎಲ್ಲಿಗೆ ಹಾಕಬೇಕು ಅನ್ನೋದೇ ನಮ್ಮ ಕಡೆಯವರಿಗೆ ಒಂದು ಗೋಳು. ಕಲಬುರಗಿ ಸ್ಟೇಷನ್ನು ಸೊಲ್ಲಾಪುರ ಡಿವಿಷನ್ನಿಗೆ. ಬೀದರ್ ಸಿಕಂದರಾಬಾದ್‌ಗೆ. ಎರಡು ಜಿಲ್ಲೆ, ಎರಡು ಡಿವಿಷನ್, ಎರಡು ಬೇರೆ ರಾಜ್ಯ, ಒಂದರ ಕಚೇರಿಯೂ ಕರ್ನಾಟಕದಲ್ಲಿಲ್ಲ. ಕಲಬುರಗಿಯಿಂದಲೇ ಗೆದ್ದಿದ್ದ ಮಲ್ಲಿಕಾರ್ಜುನ ಖರ್ಗೆಯವರು ರೈಲ್ವೆ ಮಂತ್ರಿ ಆಗಿದ್ದಾಗ, 2014ರಲ್ಲಿ, ಕಲಬುರಗಿ ಡಿವಿಷನ್ ಆಗುತ್ತದೆ ಅಂತ ಘೋಷಣೆ ಆಯ್ತು. ಆ ವರ್ಷ ಹುಟ್ಟಿದ ಹುಡುಗರು ಈಗ ಹೈಸ್ಕೂಲ್ ಮೆಟ್ಟಿಲು ಹತ್ತುವ ವಯಸ್ಸಿಗೆ ಬಂದರು, ಬಿಡಿ. ಅದು ಬೇರೆ ಕಾಗದದ ವಿಷಯ.

‘ಅಂಡರ್‌ಪಾಸ್ ಮಾಡಿಕೊಡ್ತೀವಿ’ ಅಂತ ಅವಸರ ಮಾಡಬೇಡಿ, ಅದರ ಬಗ್ಗೆಯೂ ಸ್ವಲ್ಪ ಕೇಳಿ. ಖರ್ಚು ಕಡಿಮೆ, ಬೇಗ ಆಗುತ್ತದೆ, ಒಪ್ಪುತ್ತೇನೆ. ಕಾಂಕ್ರೀಟಿನ ಡಬ್ಬಿ ತಯಾರು ಮಾಡಿಕೊಂಡು ರೈಲು ಕೆಲವು ತಾಸು ನಿಲ್ಲಿಸಿ ಹಳಿ ಕೆಳಗೆ ಕೂರಿಸಿಬಿಡುತ್ತಾರೆ. ಆದರೆ ನಮ್ಮ ಈ ಭಾಗದಲ್ಲಿ ಬಹಳ ಕಡೆ ಕಪ್ಪು ಎರೆಮಣ್ಣು. ಮಳೆ ನೀರು ಬೇಗ ಇಂಗಲ್ಲ, ತಗ್ಗು ಕಂಡಲ್ಲಿ ನಿಲ್ಲುತ್ತದೆ. ರಸ್ತೆಯಲ್ಲೇ ತಗ್ಗು ತೋಡಿಟ್ಟರೆ ಕೇಳಬೇಕೇ? ಸಂಬಂಧಿಕರ ಊರಿನಲ್ಲಿ ಅಂಥದ್ದೊಂದು ಇದೆ. ಮಳೆಗಾಲದಲ್ಲಿ ಸೊಂಟದ ಮಟ್ಟ ನೀರು, ಹುಡುಗರು ಅದರಲ್ಲಿ ಈಜು ಕಲಿತಿದ್ದಾರೆ. ಪಂಪು ಇಟ್ಟಿದ್ದಾರೆ, ಮಳೆ ಬಂದಾಗ ಕರೆಂಟು ಹೋಗುತ್ತದೆ, ಪಂಪು ನಿಲ್ಲುತ್ತದೆ. ಶಾಲೆ ಮಕ್ಕಳು ಮತ್ತೆ ಹಳಿ ಹತ್ತಿ ದಾಟುತ್ತಾರೆ. ಗೇಟು ಇದ್ದಾಗ ಕೆಂಪು ಬಾವುಟ ಹಿಡಿದ ಒಬ್ಬ ಮನುಷ್ಯನಾದರೂ ಇದ್ದ, ಈಗ ಅವನೂ ಇಲ್ಲ.

ಎತ್ತರದ ವಿಷಯವೂ ಇದೆ. ಕರೆಂಟಿನ ತಂತಿ ಎಳೆದ ಮಾರ್ಗದಲ್ಲಿ ಗೇಟಿನ ಎರಡೂ ಕಡೆ ಕಮಾನಿನ ಹಾಗೆ ಒಂದು ಕಂಬಿ ಕಟ್ಟಿರುತ್ತಾರೆ, 4.67 ಮೀಟರ್ ಎತ್ತರಕ್ಕೆ. ಅದರ ಕೆಳಗೆ ಹೋಗದ ಲೋಡು ಹಳಿ ದಾಟುವ ಹಾಗಿಲ್ಲ, ತಂತಿಗೆ ತಗುಲಿದರೆ ಸುಟ್ಟು ಕರಕಲು. ಸರಿಯಾದ್ದೇ. ಕಟ್ಟಿಕೊಂಡ ಕಬ್ಬು, ಜೋಳದ ಕಣಿಕೆ ಅದರಲ್ಲಿ ಹೇಗೋ ಹೋಗುತ್ತವೆ. ಅಂಡರ್‌ಪಾಸು ಅದಕ್ಕಿಂತ ಗಿಡ್ಡ ಮಾಡಿದರೆ ಟ್ರ್ಯಾಕ್ಟರ್‌ನವರು ಎಲ್ಲಿ ಹೋಗಬೇಕು? ಮುಂದಿನ ಗೇಟಿಗೆ ಸುತ್ತು ಹಾಕಬೇಕು. ಆ ಗೇಟಿನಲ್ಲಿ ಸಾಲು ಎರಡು ಪಟ್ಟು ಆಗುತ್ತದೆ, ಅಲ್ಲಿ ರೈಲು ನಿಲ್ಲುತ್ತದೆ. ಕಾಯಿಲೆ ಊರು ಬಿಟ್ಟು ಪಕ್ಕದ ಊರಿಗೆ ಹೋದ ಹಾಗೆ. ಅದಕ್ಕೇ ಮಾಡುವ ಮೊದಲು ಒಬ್ಬ ಟ್ರ್ಯಾಕ್ಟರ್ ಡ್ರೈವರ್‌ನನ್ನು ಕರೆದು, ‘ನಿನ್ನ ಲೋಡು ಎಷ್ಟು ಎತ್ತರ ಬರ್ತದಪ್ಪಾ?’ ಅಂತ ಕೇಳಿ. ಅಳತೆ ಪಟ್ಟಿ ಬೇಡ, ಅವನು ಕೈಯೆತ್ತಿ ತೋರಿಸುತ್ತಾನೆ.

ಕಲಬುರಗಿಯಿಂದ ಬೆಂಗಳೂರಿಗೆ ವಂದೇ ಭಾರತ್ 2024ರ ಮಾರ್ಚ್ 12ರಿಂದ ಓಡುತ್ತಿದೆ. ಒಳ್ಳೇ ಗಾಡಿ, ನಾನೂ ಒಂದು ಸಲ ಹೋಗಿದ್ದೇನೆ. ಹೊಸ ಮಾರ್ಗ ಕಟ್ಟುವಾಗ ಗೇಟು ಇಡಬಾರದು ಅನ್ನುವ ಪದ್ಧತಿಯೂ ಬಂದಿದೆ. ಗದಗ–ವಾಡಿ ಮಾರ್ಗ ಮುಗಿದು ಸುರಪುರ, ಶಹಾಪುರದವರು ತಮ್ಮೂರಲ್ಲಿ ರೈಲು ನೋಡುವ ದಿನ ಬೇಗ ಬರಲಿ, ಗೇಟಿನ ಕಾಟ ಇಲ್ಲದೇ ನೋಡಲಿ. ಹೊಟ್ಟೆಕಿಚ್ಚು ಇಲ್ಲ. ಆದರೆ ಹಳೇ ಮಾರ್ಗದವರು ಮೊದಲೇ ಹುಟ್ಟಿದ ತಪ್ಪಿಗೆ ಗೇಟಿನಲ್ಲೇ ನಿಲ್ಲಬೇಕಾ?

ನಮಗೆ ಬೇಕಾದ್ದು ದೊಡ್ಡದಲ್ಲ. ಆ ಗುಣಾಕಾರವನ್ನು ಒಂದು ಸಲ ತಿದ್ದಿ. ರೈಲು ಕಡಿಮೆ ಇರುವ ಒಂಟಿ ಹಳಿಗೆ ಲಕ್ಷ ಕೇಳಬೇಡಿ, ಬೇರೆ ಅಳತೆ ಇಡಿ. ಗೇಟಿನಿಂದಾಗಿ ಎಷ್ಟು ಸಲ ಸಿಗ್ನಲ್ ಕೆಂಪಾಯಿತು, ರೈಲು ಎಷ್ಟು ನಿಮಿಷ ಕಳೆದುಕೊಂಡಿತು ಅನ್ನೋದು ನಿಮ್ಮದೇ ದಾಖಲೆಯಲ್ಲಿ ಸಿಗಬೇಕಲ್ಲ, ಅದನ್ನೂ ಲೆಕ್ಕಕ್ಕೆ ಸೇರಿಸಿ. ಗೇಟು ದಾಟುವ ಬಸ್ಸಿನಲ್ಲಿ ಎಷ್ಟು ಜನ ಇದ್ದರು ಅಂತಲೂ ನೋಡಿ. ಬ್ರಿಡ್ಜು ಬರುವವರೆಗೆ ರಸ್ತೆಯ ಏರು ಸಪಾಟು ಮಾಡಿಸಿ, ಹಳಿ ಮಧ್ಯದ ಕುಲುಕು ತೆಗೆಸಿ. ಅಷ್ಟು ಮಾಡಿದರೆ ಆ ಟ್ರಾಲಿಯ ಪಿನ್ನು ಕಳಚುತ್ತಿರಲಿಲ್ಲ. ಅದಕ್ಕೆ ಕೋಟಿ ಬೇಡ, ಎರಡು ಲೋಡು ಖಡಿ ಸಾಕು. ಆ ಏರಿನ ಹತ್ತು ಮಾರು ರಸ್ತೆ ಯಾರದ್ದು ಅಂತ ನಿಮ್ಮಿಬ್ಬರ ನಡುವೆ ಜಗಳ ಇದ್ದರೆ, ಖಡಿ ನಾವೇ ಊರವರು ಹಾಕುತ್ತೇವೆ, ಹಾಕಲು ಒಪ್ಪಿಗೆಯ ಚೀಟಿಯನ್ನಾದರೂ ಒಬ್ಬರು ಕೊಡಿ.

ಎಣಿಸಲು ಬರುವವರು ಈ ಸಲ ಡಿಸೆಂಬರ್‌ನಲ್ಲಿ ಬನ್ನಿ. ಸಂಜೆ ಐದಕ್ಕೆ ಶುರು ಮಾಡಿ, ಆಗಲೇ ಕಬ್ಬೂ ಬರುತ್ತದೆ, ಕಾಲೇಜು ಮಕ್ಕಳ ಗಾಡಿಯೂ ಬರುತ್ತದೆ. ಗೇಟಿನ ಪಕ್ಕ ಬೇವಿನ ಮರ ಇದೆ, ಕುರ್ಚಿ ನಾನು ತರುತ್ತೇನೆ. ಚಾ, ಮಿರ್ಚಿ ಭಜಿ ಅಂಗಡಿ ಎದುರಿಗೇ ಇದೆ. ಇಬ್ಬರೂ ಒಟ್ಟಿಗೆ ಬಂದರೆ ಇನ್ನೂ ಒಳ್ಳೆಯದು. ಒಬ್ಬರು ರಸ್ತೆ ಕಡೆ ಮುಖ ಮಾಡಿ ಕೂಡಿ, ಒಬ್ಬರು ಹಳಿ ಕಡೆ ಮುಖ ಮಾಡಿ ಕೂಡಿ. ಗಾಡಿ ತಡ ಆದರೆ ಮಗಳು ಫೋನು ಮಾಡುತ್ತಾಳೆ, ಎಲ್ಲಿ ನಿಂತಿದೆ ಅಂತ ನಿಮಗೇ ಕೊಡುತ್ತೇನೆ, ಕೇಳಿಸಿಕೊಳ್ಳಿ.

ಇಂತಿ,
ಭಾಲ್ಕಿ ತಾಲ್ಲೂಕಿನ ಒಬ್ಬ ರೈತ, ಅಂಗಡಿಯವ, ರೈಲು ಪ್ರಯಾಣಿಕ